ಬಾವಿ ನೀರಿನ ಮೇಲಿದ್ದ ಪೊರೆ ಡೀಸೆಲ್ ಅಲ್ಲವೆಂಬ ಬಗ್ಗೆ

ನನ್ನ ಹೆಸರು ಸ್ವಾತಿ, ಗಂಡ ನಿತೇಶ್, ಪ್ರಾಯ 29, ಸೂಕ್ಷ್ಮಜೀವಶಾಸ್ತ್ರದ ಸಂಶೋಧನಾ ವಿದ್ಯಾರ್ಥಿನಿ, ಹೆರಿಗೆಯ ನಂತರ ರಜೆಯಲ್ಲಿದ್ದೇನೆ. ವಾಸ ನಾವುಂದ. ಕೇಳಿದ್ದಕ್ಕೆ ತಿಳಿಸುವುದೇನೆಂದರೆ:

ನಮ್ಮ ಬಾವಿಯ ಪಕ್ಕದ ಕೆಂಪು ಮಣ್ಣಿನಿಂದ ಕಳೆದ ವರ್ಷ ನಾನು ಒಂದು ಬ್ಯಾಕ್ಟೀರಿಯಾ ಬೇರ್ಪಡಿಸಿದ್ದೆ. ಕಡ್ಡಿಯಾಕಾರದ್ದು, ನೀರಿನಲ್ಲಿ ಕರಗಿದ ಕಬ್ಬಿಣದಿಂದ ಬದುಕಿ ತುಕ್ಕು ಬಿಡುತ್ತದೆ. ನಿಂತ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಕಟ್ಟುತ್ತದೆ. ಗೊತ್ತಿರುವ ಯಾವುದಕ್ಕೂ ಹೋಲುವುದಿಲ್ಲ. ಇನ್ನೂ ಹೆಸರಿಟ್ಟಿಲ್ಲ.

ದಿನಾಂಕ 11.05.2025ರ ಭಾನುವಾರ, ಮಳೆಗೆ ಮುಂಚೆ ಬಾವಿಯ ಕೆಸರು ತೆಗೆಯಲು ಬಾವಿ ಕೆಲಸದ ಸೀನ ಬಂದಿದ್ದರು. ಡೀಸೆಲ್ ಪಂಪನ್ನು ಬಾವಿಕಟ್ಟೆಯ ಮೇಲಿಟ್ಟು ನೀರು ಖಾಲಿ ಮಾಡಿ, ತಳವನ್ನು ಒಂದು ಮೊಳ ಅಗೆದರು. ನಾನು ಆ ಕೆಸರು ಕೇಳಿದಾಗ ಬ್ರೆಡ್ಡಿನ ಕವರಿನಲ್ಲಿ ತುಂಬಿಸಿ ಕೊಟ್ಟು, "ಅಕ್ಕ, ಇದ್ರೊಳ್ಗೆ ಚಿನ್ನ ಸಿಕ್ರೆ ನಂಗೂ ಪಾಲ್ ಇತ್ತಾ?" ಎಂದು ನಗಾಡಿದ್ದರು.

13ರಂದು ಬೆಳಿಗ್ಗೆ, ಬಾವಿಯಲ್ಲಿ ಮತ್ತೆ ತುಂಬಿದ್ದ ನೀರಿನಲ್ಲಿ ಮಾಡಿದ ರಾಗಿ ಮಣ್ಣಿಯನ್ನು ನನ್ನ ಏಳು ತಿಂಗಳ ಮಗಳಿಗೆ ನಾನೇ ತಿನ್ನಿಸಿದೆ. ಸ್ವಲ್ಪ ಹೊತ್ತಿಗೆ ವಾಂತಿ ಶುರುವಾಯಿತು. ಬಾವಿ ನೋಡಿದರೆ ಹೊಳೆಯುವ ಪೊರೆ. ಕೊಡಪಾನದಲ್ಲಿ ಸೇದಿ ಕಡ್ಡಿಯಿಂದ ಮುಟ್ಟಿದೆ. ಗಾಜಿನಂತೆ ಚೂರುಚೂರಾಯಿತು, ಮತ್ತೆ ಕೂಡಲಿಲ್ಲ. ಡೀಸೆಲ್ ಆಗಿದ್ದರೆ ಕೂಡಿಕೊಳ್ಳುತ್ತಿತ್ತು. ವಾಸನೆಯೂ ಇರಲಿಲ್ಲ. ಮಗು ಅಳುತ್ತಿದ್ದುದರಿಂದ ಆ ನೀರನ್ನು ಅಲ್ಲೇ ಚೆಲ್ಲಿ ಕುಂದಾಪುರದ ಆಸ್ಪತ್ರೆಗೆ ಓಡಿದೆ. ಯಾರಿಗೂ ತೋರಿಸಲಿಲ್ಲ.

ಸಂಜೆ ವಾಪಸು ಬರುವಷ್ಟರಲ್ಲಿ ಮಾವ ಗಣಪ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿದಿದ್ದರು. ಅತ್ತೆ ಚಂದ್ರಮತಿ ನೀರಿನ ಮೇಲಿನ ಹೊಳಪು ಕಂಡು, ಸೀನನೇ ಡೀಸೆಲ್ ಹಾಕಿದ್ದೆಂದು ದೂರು ಕೊಟ್ಟಾಗಿತ್ತು. ಅದು ಡೀಸೆಲ್ ಅಲ್ಲ, ನಾನು ಬೇರ್ಪಡಿಸಿದ ಬ್ಯಾಕ್ಟೀರಿಯಾದ ಪೊರೆ ಎಂದು ಹೇಳಿದಾಗ ಅತ್ತೆ, "ಶಿಶು ಕಾರ್ತಾ ಇತ್ತ್, ಇವ್ಳಿಗೆ ಹುಳದ್ದೇ ಚಿಂತಿ. ನಿನ್ನ ಹುಳು ಬಂದ್ ಸಾಕ್ಷಿ ಹೇಳತ್ತಾ?" ಎಂದರು. ಬಾವಿಯೊಳಗೆ ಇಣುಕಿದೆ. ಪೊರೆ ಇರಲಿಲ್ಲ. ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ಪರೀಕ್ಷೆ ಮುಗಿಯದ, ಹೆಸರಿಲ್ಲದ ಜೀವಿಯ ಬಗ್ಗೆ ಠಾಣೆಗೆ ಪತ್ರ ಕೊಡಲಾಗದು ಎಂದರು.

ಮಗುವಿಗೆ ವಾಂತಿ ಯಾಕಾಯಿತೆಂದು ಡಾಕ್ಟರಿಗೂ ಇನ್ನೂ ತಿಳಿದಿಲ್ಲ, ನನಗೂ ತಿಳಿದಿಲ್ಲ. ನಿದ್ದೆ ಇಲ್ಲದೆ ಏನನ್ನೋ ಕಂಡಿರಬೇಕು ಎಂದು ಮನೆಯಲ್ಲಿ ಹೇಳುತ್ತಾರೆ. ನಿದ್ದೆ ಇಲ್ಲದ್ದು ಹೌದು. ಪೊರೆ ಒಡೆದದ್ದೂ ಹೌದು.

ಈ ದಿನ ಠಾಣೆಗೆ ಬಂದಾಗ ಸೀನ ಬೆಂಚಿನ ಮೇಲೆ ಕೂತಿದ್ದರು. ತಮ್ಮ ವಿಷಯ ಏನೂ ಎತ್ತಲಿಲ್ಲ. "ಅಕ್ಕ, ಶಿಶು ಈಗ ಹಾಲ್ ಕುಡಿತ್ತಾ?" ಎಂದು ಕೇಳಿದರು. ಕುಡಿಯುತ್ತದೆ ಎಂದೆ. ಅವರನ್ನು ಬಿಡಿಸಲು ನನ್ನ ಬಳಿ ಬೇರೇನೂ ಇಲ್ಲ, ಈ ಹೇಳಿಕೆ ಮಾತ್ರ.

ಬರೆದದ್ದನ್ನು ಓದಿ ಹೇಳಿದ್ದನ್ನು ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಸತ್ಯವಾಗಿದೆ.

ಸ್ಥಳ: ಬೈಂದೂರು
ದಿನಾಂಕ: 14.05.2025
ಸಹಿ: ಸ್ವಾತಿ