ಎಮ್ಮೆ ತಂದ ಕೌದಿ

ಗೋಕಾಕದ ಸಂತೆಯಲ್ಲಿ ರಾಚಪ್ಪ ಮೋಟಾರಿಗೆ ಕಾಯುತ್ತ ಬೇವಿನ ನೆರಳಲ್ಲಿ ಕುಳಿತಿದ್ದ. ಲಿಂಗೈಕ್ಯಳಾದ ಮಡದಿಯ ಹಳೆಯ ಸೀರೆಗಳ ಗಂಟು ತೊಡೆಯ ಮೇಲಿತ್ತು. ಪಾತ್ರೆ ಮಾರುವ ಬೋಗಾರನಿಗೆ ಕೊಟ್ಟು ತಂಬಿಗೆ ಒಯ್ಯಲೆಂದು ತಂದಿದ್ದ; ಕೊಡಲು ಮನಸ್ಸಾಗಿರಲಿಲ್ಲ. ಪಕ್ಕದಲ್ಲಿ ಇಬ್ಬರು ಹೆಂಗಸರು ಮಾತಿಗಿಳಿದಿದ್ದರು.

"ಚನ್ನವ್ವಾ, ಮಗಳನ್ನ ಗಂಡನ ಮನಿಗಿ ಕಳಸಾಕತ್ತಿ. ಒಂದು ಹೊಸಾ ಕಂಬಳಿನೂ ಕೊಳ್ಳಲಿಲ್ಲಲ್ಲ?"

"ಕೌದಿ ಹೊಲದೇನಿ, ತಾಯವ್ವಾ."

"ಹಳೇ ಸೀರಿ ಅರಬಿ ಹೊಲದು ಕೊಟ್ಟು ಕಳಸಿದ್ರ ಬೀಗರು ನಗೂದಿಲ್ಲೇನ?"

"ನಗಲಿ. ಆರು ವರ್ಷ ಆತು, ಹರದ ಸೀರಿ ಒಂದೂ ತಿಪ್ಪಿಗಿ ಒಗದಿಲ್ಲ, ಹೊದಿಕಿ ಒಂದೂ ಕೊಂಡಿಲ್ಲ. ಉಳದ ರೊಕ್ಕದಾಗ ಎಮ್ಮಿ ತಗೊಂಡೇನಿ. ಕೌದಿ ಹಿಂದ ಎಮ್ಮಿನೂ ಹೋಗತೈತಿ."

"ಅಯ್ಯ, ಮೊದಲ ಹೇಳಬಾರದ?"

"ನೀ ಕಂಬಳಿ ಅಷ್ಟ ಕೇಳಿದಿ."

ರಾಚಪ್ಪ ಗಂಟನ್ನು ಮುಂದೆ ಸರಿಸಿದ. "ತಂಗೀ, ಇವು ನನ್ನ ಹೆಂಡತಿವು. ಕೌದಿ ಹೊಲದು ಕೊಡ್ತೀಯೇನವಾ?"

ಚನ್ನವ್ವ ಒಂದು ಸೆರಗನ್ನು ಎಳೆದು ನೋಡಿದಳು. "ಗಟ್ಟಿ ಅದಾವ್ರಿ ಯಪ್ಪಾ. ಆದ್ರ ಕಡೀ ಹೊಲಿಗಿ ಹಾಕೂಮುಂದ ಕೌದಿ ಹೊಟ್ಟ್ಯಾಗ ಒಂದು ಚೂರು ಹೋಳಿಗಿ ಇಡಬೇಕು, ಕೌದಿ ಹಸದಿರಬಾರದು. ಅದು ನಿಮ್ಮ ಮನೀದ ಆಗಬೇಕು."

"ಮಾಡಾಕಿನ ಹೋದಳಲ್ಲವಾ."

"ಮುಂದಿನ ಸಂತಿಗಿ ನಿಮ್ಮ ಮನೀ ಬೆಲ್ಲ ತರ್ರಿ. ಹೋಳಿಗಿ ನಾ ಮಾಡ್ತೇನಿ."

ಗಂಟನ್ನು ತಲೆಗೇರಿಸಿ ಅವಳು ತಾಯವ್ವನೊಡನೆ ತಮ್ಮೂರು ಮೇಲವಂಕಿಯ ದಾರಿ ಹಿಡಿದಳು. ಎಮ್ಮೆ ಕೊಂಡವಳ ಗತ್ತಿನ ನಡಿಗೆ ಅದು.