ಕೊನೆಗೆ ಬಂದವರ ದೇಶ

ಬಸ್ ನಿಲ್ದಾಣದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಗುರುತಿಲ್ಲದ ಇಬ್ಬರು, ಒಬ್ಬ ಅತ್ತಿಗೆ ಮತ್ತು ಅವರ ಮೈದುನ, ಕುಳಿತಿದ್ದರು. ಅವನ ತೊಡೆಯ ಮೇಲೆ ಅಂಚು ಸವೆದ ಪೆಟ್ಟಿಗೆ; ಒಬ್ಬೊಬ್ಬರು ಒಂದೊಂದು ದೇಶ ಹಿಡಿದು, ದಾಳಗಳಿಲ್ಲದೆ, ಬರೀ ಮಾತುಕತೆಯಿಂದ ಗೆಲ್ಲುವ ಯುದ್ಧದಾಟದ್ದು.

"ಅಣ್ಣ ತೀರಿಹೋದಮೇಲೆ ಇವತ್ತೇ ಮೊದಲ ಆಟ, ಅತ್ತಿಗೆ. ಅವನ ಪುಟ್ಟ ದೇಶಾನ ನಾನೇ ಆಡಬೇಕು."

"ಆಡು. ಕೂತ ತಕ್ಷಣ ಕಳ್ಕೊಂಡು ಏಳಬೇಡ."

"ಅದೇ ಭಯ. ಎರಡು ದೊಡ್ಡ ದೇಶಗಳ ಮಧ್ಯೆ ಅವನು ಹೇಗೆ ಉಳೀತಿದ್ದ?"

"ಇಬ್ಬರಿಗೂ ಒಂದೇ ಮಾತು. ನನ್ನ ನುಂಗಿದ್ರೆ ನಾಳೆಯಿಂದ ನಿಮ್ಮಿಬ್ಬರ ಗಡಿ ತಾಗುತ್ತೆ, ಆಮೇಲೆ ನಿದ್ದೆ ಬರುತ್ತಾ ಅಂತ ಕೇಳ್ತಿದ್ರಂತೆ."

"ಸುಳ್ಳು ಹೇಳ್ತಿರಲಿಲ್ವಾ?"

"ಸುಳ್ಳು ದೊಡ್ಡೋರಿಗೆ ದಕ್ಕುತ್ತೆ, ನಮಗಲ್ಲ ಅಂತಿದ್ರು."

"ಪಾಪ, ಕೊನೆಗೆ ಬಂದವರಿಗೆ ಉಳಿದ ದೇಶ ಅನ್ನೋದು ನಮ್ಮ ನಿಯಮ. ದಿನಾ ತಡ, ದಿನಾ ಅದೇ ದೇಶ."

ಅತ್ತಿಗೆ ನಕ್ಕರು. "ಎಂಥ ಪಾಪ? ಶೂ ಹಾಕ್ಕೊಂಡು ಮನೇಲೇ ಕೂತಿರ್ತಿದ್ರು. ಹೊರಡ್ರೀ ಅಂದ್ರೆ, 'ತಾಳು, ಆ ಪುಟ್ಟ ದೇಶಾನ ನಾನೇ ಕೇಳಿ ತಗೊಂಡ್ರೆ ಅನುಮಾನ ಪಡ್ತಾರೆ. ಪಾಪ ಅನ್ನಿಸ್ಕೊಂಡ್ರೆ ಯಾರೂ ಹೊಡೆಯಲ್ಲ' ಅಂತಿದ್ರು."

"ಇಷ್ಟು ವರ್ಷ ನಾನೂ ಪಾಪ ಅಂದುಕೊಂಡೇ ಹೊಡೆಯದೆ ಬಿಟ್ಟುಬಿಟ್ಟೆನಲ್ಲ ಅವನನ್ನ."

ಬಸ್ಸು ಬಂತು. ಅತ್ತಿಗೆ ಎದ್ದರು. ಅವನು ಏಳಲಿಲ್ಲ.

"ಇದು ಹೋಗಲಿ, ಅತ್ತಿಗೆ. ಮುಂದಿನದಕ್ಕೆ ಹೋಗೋಣ."

ಅವರು ಮತ್ತೆ ಕುಳಿತರು. ನಾನು ಹತ್ತಿ ಕಿಟಕಿಯಿಂದ ನೋಡಿದಾಗ, ಪೆಟ್ಟಿಗೆ ಇಬ್ಬರ ನಡುವೆ ಇತ್ತು.