ಬೆಳಗಾಗುವಷ್ಟರಲ್ಲಿ ಖಾಲಿ

ಇದು ಯಾರೋ ಹೇಳಿದ್ದನ್ನು ಕೇಳಿ ಹೇಳುತ್ತಿರುವುದಲ್ಲ, ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ನಂಬುವುದು ಬಿಡುವುದು ನಿಮ್ಮಿಷ್ಟ... ಆದರೆ ಮಧ್ಯದಲ್ಲಿ ನಗಬೇಡಿ. ನಕ್ಕವರು ಆಮೇಲೆ ಬಚ್ಚಲಿಗೆ ಹೋಗಲು ಜೊತೆಗೆ ಒಬ್ಬರನ್ನು ಎಬ್ಬಿಸಿದ್ದನ್ನು ನಾನು ನೋಡಿದ್ದೇನೆ.

ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ರೇಡಿಯೋದಲ್ಲಿ ಬೆಳಗಿನ ವಾರ್ತೆ ಓದುತ್ತಾಳೆ, ಹಾಗಾಗಿ ಬೀದಿಗೆಲ್ಲ ಅವಳು ವಾರ್ತೆಯಕ್ಕ. ಓದುವುದು ಬ್ರೈಲ್ ಯಂತ್ರದಲ್ಲಿ. ಕೈಚೀಲದಲ್ಲಿ ಹಿಡಿಸುವಷ್ಟು ಪೆಟ್ಟಿಗೆ, ಮೇಲೊಂದು ಸಾಲು ಸಣ್ಣ ಮೊಳೆಗಳು. ಗುಂಡಿ ಒತ್ತಿದರೆ, ಟರ್ರ್... ಮೊಳೆಗಳೆದ್ದು ಒಂದು ಸಾಲು ಅಕ್ಷರವಾಗುತ್ತವೆ. ಬೆರಳಾಡಿಸಿ ಓದಬೇಕು. ಸಾಲು ಮುಗಿದರೆ ಮತ್ತೆ ಗುಂಡಿ, ಮತ್ತೆ ಟರ್ರ್. ಬ್ಯಾಟರಿ ಹೋಯಿತೋ, ಮೊಳೆಗಳೆಲ್ಲ ಒಟ್ಟಿಗೆ ಕೆಳಗಿಳಿಯುತ್ತವೆ. ಬೆರಳಿನ ಅಡಿಯಲ್ಲಿ ಏನೂ ಇರುವುದಿಲ್ಲ.

ಒಂದು ದಿನ ಹಾಗೇ ಆಯಿತು. ವಾರ್ತೆಯ ನಟ್ಟನಡುವೆ, ಒಂದು ವಾಕ್ಯದ ಅರ್ಧಕ್ಕೆ. ಕೇಳುತ್ತಿದ್ದವರೆಲ್ಲ ತಮ್ಮ ರೇಡಿಯೋ ಕೆಟ್ಟಿತೆಂದು ಅದರ ನೆತ್ತಿಗೆ ತಟ್ಟಿದರಂತೆ. ಮೇಲಧಿಕಾರಿ ಕೂಗಾಡಲಿಲ್ಲ, ಅದೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. "ಇನ್ನೊಂದ್ಸಲ ಹೀಗಾದ್ರೆ ನಿಮ್ಮನ್ನ ವಾಪಸ್ ಟೆಲಿಫೋನ್ ಮೇಜಿಗೆ ಕಳಿಸ್ಬೇಕಾಗುತ್ತೆ, ನೋಡಿ" ಎಂದರು, ತಣ್ಣಗೆ. ಆ ಮೇಜಿನಲ್ಲಿ ವರ್ಷಗಟ್ಟಲೆ "ಯಾರು ಬೇಕಿತ್ತು?" ಎನ್ನುತ್ತ ಕೂತು, ಅವರಿವರ ಕೈಕಾಲು ಹಿಡಿದು ವಾರ್ತೆಗೆ ಬಂದವಳು ಅವಳು. ವಾಪಸ್ ಹೋಗುವ ಮಾತು ಕೇಳಿದರೇ ಅವಳಿಗೆ ಅನ್ನ ಇಳಿಯುತ್ತಿರಲಿಲ್ಲ.

ಸೋಜಿಗವೆಂದರೆ, ಅವಳು ಚಾರ್ಜಿಗೆ ಹಾಕದೆ ಮಲಗಿದ್ದೇ ಇಲ್ಲ. ಬ್ಯಾಟರಿ ಪೂರ್ತಿ ಇಳಿಯಲು ಬಿಡುವವಳೂ ಅಲ್ಲ, ತುಂಬಿದ ಮೇಲೆ ಹಗಲಿಡೀ ತಂತಿಗೆ ನೇತುಹಾಕುವವಳೂ ಅಲ್ಲ. ಹಸುಗೂಸಿಗೆ ಹಾಲು ಕುಡಿಸಿದಂತೆ, ಹೊತ್ತುಹೊತ್ತಿಗೆ ಸರಿಯಾಗಿ. ಆದರೂ ಬೆಳಗಾಗುವಷ್ಟರಲ್ಲಿ ಖಾಲಿ. ಆಫೀಸಿಗೆ ಹೋಗಿ ಅವಸರಕ್ಕೆ ಅಷ್ಟಿಷ್ಟು ತುಂಬಿಸಿಕೊಂಡೇ ಓದಬೇಕು.

ವಾರ ಕಳೆದ ಮೇಲೆ ಒಂದು ಸಂಜೆ ಅದನ್ನು ರಿಪೇರಿಯವನ ಹತ್ತಿರ ಒಯ್ದಳು. ಅವನು ಬಿಚ್ಚಿ ನೋಡಿ, ಪೂರ್ತಿ ಚಾರ್ಜ್ ಮಾಡಿ, ಅಂಗಡಿ ಮುಚ್ಚುವ ಹೊತ್ತಿಗೆ ಕೈಗಿಟ್ಟ.

"ಬ್ಯಾಟರಿ ಕಲ್ಲುಗುಂಡಿನ ಹಾಗಿದೆ ಅಕ್ಕಾ. ನೀವು ರಾತ್ರಿ ಓದೋದು ಸ್ವಲ್ಪ ಕಮ್ಮಿ ಮಾಡಿ."

"ರಾತ್ರಿ ನಾನು ಓದಲ್ಲ."

"ಮತ್ತೆ ಯಾರು ಓದ್ತಾರೆ? ಯಾವ ಪುಟ ಯಾವಾಗ ತೆಗೆದದ್ದು ಅಂತ ಯಂತ್ರನೇ ಹೇಳುತ್ತಲ್ಲ. ಎಲ್ಲಾ ನಡುರಾತ್ರಿ. ಅದೂ ಹಳೇ ವಾರ್ತೆ!" ಎಂದು ನಕ್ಕ.

ಅವಳು ಯಂತ್ರವನ್ನು ಚೀಲಕ್ಕಿಳಿಸಿದಳು. ಕೋಲು ಹಿಡಿದು ಹೊರಟಳು.

ಮನೆಯ ದಾರಿಯಲ್ಲಿ ಒಂದು ಹಾಳುಬಾವಿ ಇದೆ. ಕತ್ತಲಾದ ಮೇಲೆ ಗಟ್ಟಿ ಗಂಡಸರೂ ಅದರ ಪಕ್ಕ ಹಾಯುವುದಿಲ್ಲ, ಸುತ್ತು ಹಾಕುತ್ತಾರೆ. ಅವಳಿಗೆ ಕತ್ತಲು ಹೊಸದೇ? ಪಾಚಿಯ ವಾಸನೆ ಮೂಗಿಗೆ ಬಡಿದರೆ ಬಾವಿ ಬಂತು ಎಂದು ಲೆಕ್ಕ, ಅಷ್ಟೇ. ಕೋಲಿನ ಸದ್ದು, ಟಕ್... ಟಕ್... ಚಪ್ಪಲಿಯ ಸದ್ದು, ಸರ್... ಸರ್...

ಟರ್ರ್.

ನಿಂತಳು. ಚೀಲದೊಳಗಿನಿಂದ. ಯಂತ್ರ ಆಫ್ ಮಾಡಿ ಇಟ್ಟಿದ್ದಾಳೆ, ತನ್ನ ಕೈಯಾರೆ.

ಟರ್ರ್... ಮತ್ತೆ ಸುಮ್ಮನೆ. ಒಂದು ಸಾಲು ಓದಲು ಬೇಕಾಗುವಷ್ಟು, ಅದಕ್ಕಿಂತ ಬಹಳ ಹೆಚ್ಚು ಹೊತ್ತು ಸುಮ್ಮನೆ... ಆಮೇಲೆ, ಟರ್ರ್.

ಹೇಗೆ ಮನೆ ಮುಟ್ಟಿದಳೋ ಅವಳಿಗೇ ಗೊತ್ತಿಲ್ಲ. ತೆಗೆದು ನೋಡಿದರೆ ಬ್ಯಾಟರಿ ಅರ್ಧಕ್ಕಿಳಿದಿತ್ತು.

ಅವಳ ಅಣ್ಣ ಕೆಲಸದ ಮೇಲೆ ಪರವೂರಿಗೆ ಹೋಗಿದ್ದ. ಮನೆಯಲ್ಲಿ ಅತ್ತಿಗೆ ಒಬ್ಬಳೇ. ವಿಷಯ ಕೇಳಿ ಅತ್ತಿಗೆ ತನ್ನ ಹಾಸಿಗೆಯನ್ನು ಇವಳ ರೂಮಿಗೇ ಎಳೆದು ತಂದಳು.

"ಇವತ್ತು ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ. ಬರ್ಲಿ ಅದ್ಯಾವನು ಬರ್ತಾನೋ."

"ನೀವು ಕಣ್ಣಿಗೆ ಬಿಟ್ಕೊಳ್ಳಿ ಅತ್ತಿಗೆ. ನಾನು ಕಿವಿಗೆ ಬಿಟ್ಕೊಳ್ತೀನಿ."

ಇಬ್ಬರೂ ನಕ್ಕರು, ಬಲವಂತಕ್ಕೆ. ಇವಳು ಯಂತ್ರಕ್ಕೆ ತಂತಿ ಸಿಕ್ಕಿಸಿದಳು. ಅದು ಡುರ್ರ್ ಡುರ್ರ್ ಎಂದು ಎರಡು ಸಲ ನಡುಗಿತು. ಕರೆಂಟು ಬಂದರೆ ಎರಡು ಸಲ, ಹೋದರೆ ಒಂದು ಸಲ, ಅದರ ಪದ್ಧತಿ ಹಾಗೆ. ಅತ್ತಿಗೆ ಲೈಟ್ ಆರಿಸಿ ಮಲಗಲು ಹೋದಳು. ಟಪ್.

ಡುರ್ರ್.

"ಅತ್ತಿಗೆ! ಏನ್ ಮಾಡಿದ್ರಿ?"

"ಏನಿಲ್ವಲ್ಲೇ, ಲೈಟ್ ಆರಿಸ್ದೆ."

"ಮತ್ತೆ ಹಾಕಿ."

ಟಪ್. ಡುರ್ರ್ ಡುರ್ರ್.

ವೈರಿಂಗ್ ಮಾಡಿದ ಮಹಾನುಭಾವ ಮೇಜಿನ ಪಕ್ಕದ ಸಾಕೆಟ್ಟಿಗೂ ಲೈಟಿಗೂ ಒಂದೇ ಸ್ವಿಚ್ ಕೊಟ್ಟಿದ್ದ! ದಿನಾ ಅತ್ತಿಗೆ ಬಂದು ಲೈಟ್ ಹಾಕಿ ಹಾಸಿಗೆ ಸರಿಮಾಡುವ ಹೊತ್ತಿಗೇ ಇವಳು ತಂತಿ ಸಿಕ್ಕಿಸುವುದು. ಇವಳಿಗೆ ನಿದ್ದೆ ಹತ್ತಿದ ಮೇಲೆ ಅತ್ತಿಗೆ ಮೆಲ್ಲಗೆ ಬಂದು ಲೈಟ್ ಆರಿಸಿ ಹೋಗುವುದು. ಲೈಟ್ ಇದೆಯೋ ಹೋಯಿತೋ ಇವಳಿಗೆ ಕಾಣುವುದಿಲ್ಲ, ಚಾರ್ಜ್ ಹೋದದ್ದು ಅತ್ತಿಗೆಗೆ ಗೊತ್ತಾಗುವುದಿಲ್ಲ. ಅತ್ತಿಗೆ ಹಣೆ ಹಣೆ ಬಡಿದುಕೊಂಡು ನಕ್ಕಳು.

"ಇಷ್ಟು ದಿನ ನಿನ್ನ ಕೆಲ್ಸಕ್ಕೆ ಕಲ್ಲು ಹಾಕಿದ್ದು ನಾನೇ ಅಲ್ವೇನೇ! ನಿಮ್ಮಮ್ಮನೂ ಬದುಕಿದ್ದಾಗ ಈ ರೂಮಿನ ಲೈಟ್ ಆರಿಸೋರು ಅಂತಿದ್ರು ನಿಮ್ಮಣ್ಣ."

"ಅದು ಬೇರೆ ವಿಷ್ಯಕ್ಕೆ" ಎಂದಳು ಇವಳು.

ಅಮ್ಮ ದರ್ಜಿ ಕೆಲಸ ಮಾಡುತ್ತಿದ್ದವಳು. ಮಗಳಿಗಾಗಿ ತಾನೂ ಬ್ರೈಲ್ ಕಲಿಯಲು ಹಟ ಹಿಡಿದಿದ್ದಳು. ಲೈಟ್ ಇದ್ದರೆ ಕಣ್ಣು ಕದ್ದು ನೋಡುತ್ತೆ, ಬೆರಳು ಕಲಿಯಲ್ಲ ಎಂದು ಆರಿಸಿ, ಕತ್ತಲಲ್ಲೇ ಕೂರುತ್ತಿದ್ದಳು. ಆದರೆ ಸೂಜಿ ಚುಚ್ಚಿ ಚುಚ್ಚಿ ಬೆರಳತುದಿ ಜಡ್ಡುಗಟ್ಟಿತ್ತು. "ಏನೂ ತಿಳಿಯಲ್ಲ ಕಣೇ, ಎಲ್ಲಾ ಸಾಸಿವೆ ಚೆಲ್ಲಿದ ಹಾಗಿದೆ" ಎಂದು ಅಳುವಂತಾಗುತ್ತಿದ್ದಳು. ಒಂದು ಸಾಲನ್ನೂ ಪೂರ್ತಿ ಓದದೆ ಹೋಗಿಬಿಟ್ಟಳು. ಮಗಳ ದನಿ ರೇಡಿಯೋದಲ್ಲಿ ಬಂದದ್ದನ್ನೂ ಕೇಳಲಿಲ್ಲ. ಅದೊಂದು ಕೊರಗು ಇವಳಿಗೆ ಯಾವತ್ತೂ ಹೋಗಲಿಲ್ಲ.

ಸರಿ, ಲೈಟ್ ಉರಿಯುತ್ತಲೇ ಇರಲಿ ಎಂದಾಯಿತು. ಬೆಳಕು ತಡೆಯಲಾರದೆ ಅತ್ತಿಗೆ ಕಣ್ಣಿಗೆ ಟವೆಲ್ ಕಟ್ಟಿಕೊಂಡಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡವಳ ಗೊರಕೆ ಚಿಟಿಕೆ ಹೊಡೆಯುವಷ್ಟರಲ್ಲಿ ಶುರುವಾಯಿತು. ಗರ್ರ್... ಪುಸ್... ಗರ್ರ್... ಪುಸ್...

ಇವಳಿಗೆ ನಿದ್ದೆ ಬರಲಿಲ್ಲ. ಸ್ವಿಚ್ಚಿನ ವಿಷಯ ತಿಳಿಯಿತು. ಚಾರ್ಜ್ ಆಗದಿದ್ದದ್ದೇಕೆ ಎಂದು ಗೊತ್ತಾಯಿತು. ಆದರೆ ಚಾರ್ಜ್ ಖರ್ಚಾಗುತ್ತಿದ್ದದ್ದು? ಮಗ್ಗುಲು ಬದಲಿಸಿದಳು. ಬಾವಿಯ ಹತ್ತಿರದ ಸದ್ದು? ಮತ್ತೆ ಮಗ್ಗುಲು ಬದಲಿಸಿದಳು.

ಟಪ್.

ಡುರ್ರ್.

"ಅತ್ತಿಗೆ...?"

ಗರ್ರ್... ಪುಸ್...

ಉಸಿರು ಹಿಡಿದು ಕೇಳಿದಳು. ಮೇಜಿನ ಕಡೆಯಿಂದ, ಟರ್ರ್... ನಂತರ ಬೆರಳಿನ ಚರ್ಮ ಮೊಳೆಗಳ ಮೇಲೆ ಸರಿಯುವ ಸದ್ದು, ಸರ... ಸರ... ನಿಲ್ಲುತ್ತದೆ, ಹಿಂದಕ್ಕೆ ಹೋಗುತ್ತದೆ, ಮತ್ತೆ ಬರುತ್ತದೆ. ಓದಲು ಬರುವವರ ಬೆರಳು ಹಾಗೆ ಎಡವುವುದಿಲ್ಲ.

ಎದ್ದಳು. ಹೆದರಿಕೆ ಇತ್ತು, ಬೆಳಗಿನ ವಾರ್ತೆಯ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು. ಮೇಜು ಸಿಕ್ಕಿತು. ಯಂತ್ರ ಸಿಕ್ಕಿತು. ಮೊಳೆಗಳ ಸಾಲಿನ ಮೇಲೆ ಬೆರಳಿಟ್ಟಳು.

ಅಲ್ಲಿ ಆಗಲೇ ಒಂದು ಬೆರಳಿತ್ತು.

ತಣ್ಣಗಿತ್ತು. ತುದಿ ಒರಟು, ಜಡ್ಡುಗಟ್ಟಿದ್ದು. ಅದು ಬೆಚ್ಚಲಿಲ್ಲ, ಓಡಲಿಲ್ಲ. ಇವಳ ಬೆರಳಿಗೆ ಜಾಗ ಬಿಟ್ಟು, ಪಕ್ಕದ ಅಕ್ಷರಕ್ಕೆ ಸರಿಯಿತು.

ಕೂಗಬೇಕೆಂದು ಬಾಯಿ ತೆರೆದಳು. ಕೊನೆಗೆ ಹೊರಟದ್ದು ಪಿಸುಮಾತು.

"ಅಮ್ಮಾ... ಬೆಳಿಗ್ಗೆ ನಂಗೆ ವಾರ್ತೆ ಇದೆ. ಚಾರ್ಜ್ ಬೇಕು."

ಬೆರಳು ನಿಂತಿತು.

"ಇನ್ನೊಂದ್ಸಲ ನಿಂತ್ರೆ ನನ್ನ ಕೆಲ್ಸ ಹೋಗುತ್ತೆ ಅಮ್ಮಾ. ಇದನ್ನ ಬಿಡು."

ಅತ್ತಿಗೆಯ ಗೊರಕೆಯೂ ಯಾಕೋ ನಿಂತಿತ್ತು. ಇವಳು ತಡವರಿಸುತ್ತ ಕಪಾಟು ತೆರೆದು, ಶಾಲೆಯ ಕಾಲದ ಬ್ರೈಲ್ ಪಾಠದ ಪುಸ್ತಕ ತೆಗೆದಳು. ದಪ್ಪ ಕಾಗದದ್ದು. ಅದಕ್ಕೆ ಬ್ಯಾಟರಿಯೂ ಬೇಡ, ಕರೆಂಟೂ ಬೇಡ. ಮೇಜಿನ ಆಚೆ ತುದಿಯಲ್ಲಿ ಮೊದಲ ಪುಟ ತೆರೆದಿಟ್ಟಳು.

ಆದರೆ ಸ್ವಿಚ್ ಹಾಕಿದರೆ ಲೈಟ್ ಬರುತ್ತದೆ. ಲೈಟ್ ಬಂದರೆ ಅಮ್ಮ ಮತ್ತೆ ಆರಿಸುತ್ತಾಳೆ. ಸ್ಟೂಲ್ ಎಳೆದಳು. ಹತ್ತಿ, ಸೆರಗು ಸುತ್ತಿದ ಕೈಯಿಂದ ಇನ್ನೂ ಬಿಸಿ ಆರದ ಬಲ್ಬನ್ನು ತಿರುಗಿಸಿ ಬಿಚ್ಚಿದಳು. ಇಳಿದು ಸ್ವಿಚ್ ಹಾಕಿದಳು. ಟಪ್.

ಡುರ್ರ್ ಡುರ್ರ್.

ಕತ್ತಲು ಹಾಗೇ ಇತ್ತು, ಕರೆಂಟು ಬಂದಿತ್ತು. ಬೆಳಗಿನವರೆಗೂ ಬಲ್ಬನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೊರಗಿ ಕೂತಿದ್ದಳು. ಕಣ್ಣು ತುಂಬಿ ಬರುತ್ತಿತ್ತು, ಹೆದರಿಕೆಗೋ ಆಸೆಗೋ ಅವಳಿಗೇ ಬಗೆಹರಿಯಲಿಲ್ಲ. ಮೇಜಿನಿಂದ ಟರ್ರ್ ಸದ್ದು ಬರಲಿಲ್ಲ. ಕಾಗದ ಮಾತ್ರ ಆಗೊಮ್ಮೆ ಈಗೊಮ್ಮೆ ಅಲುಗುತ್ತಿತ್ತು.

ಬೆಳಿಗ್ಗೆ ಬ್ಯಾಟರಿ ತುಂಬಿ ತುಳುಕುತ್ತಿತ್ತು. ವಾರ್ತೆಯನ್ನು ಒಂದು ಅಕ್ಷರ ತಪ್ಪದೆ ಕೊನೆಯವರೆಗೆ ಓದಿದಳು. ಮೇಲಧಿಕಾರಿ ಬಂದು "ಪರವಾಗಿಲ್ವೇ" ಎಂದರಂತೆ. ಟೆಲಿಫೋನ್ ಮೇಜಿನ ಮಾತು ಅಲ್ಲಿಗೆ ಮುಗಿಯಿತು. ಆ ರೂಮಿಗೆ ಇವತ್ತಿಗೂ ಬಲ್ಬಿಲ್ಲ. ಅತ್ತಿಗೆ ಮಾತ್ರ ಸಂಜೆಯಾದ ಮೇಲೆ ಆ ಹೊಸ್ತಿಲು ದಾಟುವುದಿಲ್ಲ.

ನಿಮ್ಮ ಹಾಗೆ ನಾನೂ ನಂಬಿರಲಿಲ್ಲ. ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಅವಳು ತನ್ನ ರೂಮು ನನಗೆ ಬಿಟ್ಟುಕೊಟ್ಟು ಅತ್ತಿಗೆಯ ಜೊತೆ ಮಲಗಿದಳು. ಮಲಗುವ ಮುಂಚೆ ನಾನು ಆ ಪುಸ್ತಕವನ್ನು ಮುಟ್ಟಿ ನೋಡಿದೆ. ಮೊದಲ ಪುಟಗಳ ಚುಕ್ಕಿಗಳನ್ನೆಲ್ಲ ಯಾರೋ ಒತ್ತಿ ಒತ್ತಿ ಚಪ್ಪಟೆ ಮಾಡಿದ್ದರು, ಕಾಗದ ನುಣ್ಣಗಾಗಿತ್ತು. ತೆರೆದಿದ್ದ ಪುಟದಲ್ಲಿ ಮಾತ್ರ ಚುಕ್ಕಿಗಳು ಹೊಚ್ಚಹೊಸದಾಗಿ ಕೈಗೆ ಚುಚ್ಚುತ್ತಿದ್ದವು. ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ ಮಲಗಿದೆ. ಬೆಳಿಗ್ಗೆ ಎದ್ದವನು ಅದೇ ಪುಟವನ್ನು ಮತ್ತೆ ಮುಟ್ಟಿದೆ.

ಮೇಲಿನ ಮೂರು ಸಾಲು ನುಣ್ಣಗಾಗಿದ್ದವು... ಆಣೆ ಮಾಡಿ ಹೇಳುತ್ತೇನೆ, ರಾತ್ರಿಯಿಡೀ ಆ ರೂಮಿನಲ್ಲಿದ್ದವನು ನಾನೊಬ್ಬನೇ.